ಒಲೆಯ ಮುಂದಿನ ಜಾಗ

ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಒಂದು ತಟ್ಟೆ ಸುಸಲಾದಿಂದ. ಜೂನ್ ತಿಂಗಳು, ಶಾಲೆ ಆಗಷ್ಟೇ ತೆರೆದಿತ್ತು. ಏಳನೇ ತರಗತಿಯ ನನ್ನ ಮಗಳು ಐಶ್ವರ್ಯಾ ಮತ್ತು ಅವಳ ಗೆಳತಿ ಭಾಗ್ಯಾ ಸಂಜೆ ನಮ್ಮ ಮನೆಯಲ್ಲೇ ಅಭ್ಯಾಸಕ್ಕೆ ಕೂಡುತ್ತಿದ್ದರು. ಭಾಗ್ಯಾ ನಮ್ಮ ನಿಂಬರ್ಗಾದವಳೇ, ಹಮಾಲಿ ಮಾಳಿಂಗನ ಮಗಳು. ಅವತ್ತು ನಮ್ಮವ್ವ ಕಸ್ತೂರಿಬಾಯಿ ಚುರುಮುರಿ ಸುಸಲಾ ಮಾಡಿ ಮೊಮ್ಮಗಳ ತಟ್ಟೆಯನ್ನು ಅಡುಗೆಮನೆಯಲ್ಲಿ ಒಲೆಯ ಮುಂದೆ ಇಟ್ಟಳು. ಭಾಗ್ಯಾಳ ತಟ್ಟೆಯನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟಳು.

"ಆಯಿ, ಆಕಿಗಿ ಯಾಕ ಹೊರಗ?" ಎಂದು ಮಗಳು ಕೇಳಿದಳು.

"ಲಿಂಗ ಕಟ್ಟಿದೋರು ಒಲಿ ಮುಂದ ಕೂಡ್ತಾರವ್ವ. ಲಿಂಗ ಇಲ್ಲದವರು ಭವಿಗಳು, ಅವರು ಕಟ್ಟಿ ಮ್ಯಾಲ ಕೂಡ್ತಾರ. ನಮ್ಮ ಅತ್ತಿ ಕಾಲದಿಂದ ಹಿಂಗೇ ನಡದದ."

ಅವ್ವ ಹೇಳಿದ್ದು ಅರ್ಧ ಮಾತು. ಮಾಳಿಂಗನ ಮನೆಯವರು ಕುರಿ ಕಡಿದು ಉಣ್ಣುವವರು, ನಮಗಿಂತ ಕೆಳಗಿನವರು ಎನ್ನುವುದು ಅವಳ ಮನಸ್ಸಿನಲ್ಲಿದ್ದ ಇನ್ನರ್ಧ. ಅದನ್ನು ಹುಡುಗಿಯ ಎದುರಿಗೆ ಆಡಲು ನಾಲಿಗೆ ಏಳಲಿಲ್ಲ, ಲಿಂಗವನ್ನು ಮುಂದೆ ಮಾಡಿದಳು. ಐಶ್ವರ್ಯಾ ಸುಸಲಾ ತಿಂದಳು. ನಾನು ಅಲ್ಲೇ ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡೆ, ಲೋಟ ಖಾಲಿ ಮಾಡಿ ಎದ್ದೆ.

ನಮ್ಮದು ಹುಟ್ಟಿದ ಕೂಸಿಗೇ ಇಷ್ಟಲಿಂಗ ಕಟ್ಟುವ ಮನೆತನ. ಒಮ್ಮೆ ಕೊರಳಿಗೆ ಬಂದ ಲಿಂಗ ಮಣ್ಣಿಗೆ ಹೋಗುವತನಕ ಮೈಮೇಲೆ ಇರಬೇಕು. ಮುಂಜಾನೆ ಜಳಕ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಆಮೇಲೆ ರೊಟ್ಟಿ. ಮನೆಯಲ್ಲಿ ಗ್ಯಾಸ್ ಇದ್ದರೂ ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕು, ಪೂಜೆ ಆದವರು ಅದರ ಮುಂದೆ ಸಾಲಾಗಿ ಕೂಡಬೇಕು. ನಾನೊಬ್ಬ ಆರು ಗಂಟೆಗೇ ಕಂಡಕ್ಟರ್ ಡ್ಯೂಟಿಗೆ ಹೋಗುವವನಾದ್ದರಿಂದ ನನ್ನ ಪೂಜೆಯ ಲೆಕ್ಕ ಯಾರೂ ಕೇಳುತ್ತಿರಲಿಲ್ಲ.

ಎಂಟು ದಿನ ಕಳೆದ ಮೇಲೆ ಒಂದು ಸೋಮವಾರ ನನಗೆ ವಾರದ ರಜೆ. ಮಗಳು ಜಳಕ ಮಾಡಿ ಬಂದು ನೇರವಾಗಿ ರೊಟ್ಟಿ ಬುಟ್ಟಿಗೆ ಕೈ ಹಾಕಿದಳು.

"ಏ, ಪೂಜಿ ಆತೇನು?" ಅಂದಳು ಅವ್ವ. "ಲಿಂಗದ ಶಿವದಾರ ಎಲ್ಲದ ನಿನ್ನ ಕೊರಳಾಗ?"

"ಭಾಗ್ಯಾನ ಕೊರಳಾಗದ."

ನನ್ನ ಹೆಂಡತಿ ಶಿವಕಾಂತಾ ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು.

"ಏನಂದಿ?"

"ನಾನೇ ಕಟ್ಟೇನಿ, ಆಯಿ. ಲಿಂಗ ಇದ್ರ ಒಲಿ ಮುಂದ ಕೂಡಬೋದು ಅಂತ ನೀನೇ ಹೇಳಿದಿ. ಆಕಿಗಿ ಇರಲಿಲ್ಲ. ನನ್ನದು ಕೊಟ್ಟೆ. ಇವತ್ತ ಸಂಜಿಗಿ ಆಕಿ ಒಳಗ ಬರ್ತಾಳ."

"ಅಯ್ಯ ಶಿವನೇ!" ಅವ್ವ ಹಣೆ ಬಡಿದುಕೊಂಡಳು. "ಅದೇನು ರಿಬ್ಬನ್ನೇನು ಬೇ, ಗೆಳತಿಗಿ ಕೊಡಾಕ? ಲಿಂಗ ಅಗಲಿದ್ರ ಹನಿ ನೀರೂ ಕುಡಿಬಾರದು. ನಮ್ಮ ಅತ್ತಿ ಲಿಂಗ ಬಾವ್ಯಾಗ ಬಿದ್ದಾಗ ಅದು ಸಿಗೋತನ ಎರಡು ದಿನ ಉಪವಾಸ ಇದ್ಲು, ಗೊತ್ತದೇನು?"

"ಅದು ಕಳಕೊಂಡ್ರ. ನಾ ಕಳಕೊಂಡಿಲ್ಲ, ಕೊಟ್ಟೇನಿ."

"ಹೋಗಿ ಬಿಚ್ಚಿಸಿಕೊಂಡು ಬಾ!"

"ಮೈಮ್ಯಾಲಿನ ಲಿಂಗ ತಗದ್ರ ಜೀವ ತಗದಂಗ ಅಂತ ಅನ್ನಾಕಿ ನೀನೇ. ತಗಸಲೇನು?"

ಅತ್ತ ದರಿ ಇತ್ತ ಪುಲಿ ಅಂದಂತಾಯಿತು ಅವ್ವನಿಗೆ. ಸೆರಗು ಸರಿ ಮಾಡಿಕೊಂಡು ಬೇರೆ ದಾರಿ ಹಿಡಿದಳು. "ಮಠದ ಅಯ್ಯನವರು ಕಟ್ಟಿಲ್ಲ, ನೀ ಕಟ್ಟಿದ್ದು ಲೆಕ್ಕಕ್ಕಿಲ್ಲ."

"ಹಂಗಾದ್ರ ಅಯ್ಯನವರ್ನ ಕರಸು. ಆಕಿಗೂ ಕಟ್ಟಲಿ, ನನಗೂ ಹೊಸಾದು ಕಟ್ಟಲಿ. ಇಬ್ರೂ ಕೂಡೇ ಒಳಗ ಕೂಡ್ತೇವಿ."

ಅವ್ವ ನನ್ನ ಕಡೆ ತಿರುಗಿದಳು. "ಲೇ ವಿಶ್ವಾರಾಧ್ಯ, ಬಾಯಾಗ ಏನು ಅವಲಕ್ಕಿ ಮುಕ್ಕಿದಿ? ನಿನ್ನ ಮಗಳಿಗಿ ಹೇಳಬಾರದೇನು?"

ನಾನು ಗಂಟಲು ಸರಿ ಮಾಡಿಕೊಂಡು "ಐಶು, ಹಂಗೆಲ್ಲಾ ಮಾಡಬಾರದವ್ವ" ಅಂದೆ.

"ಬಸವ ಜಯಂತಿ ದಿನ ಮೈಕ್ ಹಿಡದು ನೀನೇ ಅಂದಿದ್ದಿ ಅಲ್ಲಪ್ಪಾ? ಲಿಂಗ ಕಟ್ಟಿದ ಮ್ಯಾಲ ಜಾತಿ ಕೇಳಬಾರದು ಅಂತ. ನಾ ಮುಂದಿನ ಸಾಲಿನ್ಯಾಗೇ ಕೂತಿದ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು."

ಚಪ್ಪಾಳೆ ಹೊಡೆದದ್ದು ನಿಜ. ವರ್ಷಕ್ಕೊಮ್ಮೆ ಹತ್ತು ನಿಮಿಷ ನಾನು ಮಾತಾಡುತ್ತೇನೆ, ಊರವರು ಹೊಗಳುತ್ತಾರೆ, ಹನ್ನೊಂದನೇ ನಿಮಿಷಕ್ಕೆ ಅದನ್ನು ಅಲ್ಲೇ ಬಿಟ್ಟು ಮನೆಗೆ ಬರುತ್ತೇನೆ. ಹೇಳೋದು ಪುರಾಣ, ತಿನ್ನೋದು ಬದನೇಕಾಯಿ. ಮುಂದಿನ ಸಾಲಿನಲ್ಲಿ ಕುಳಿತವರು ಅದನ್ನು ಮನೆತನಕ ಹೊತ್ತು ತರುತ್ತಾರೆಂದು ನನಗೇನು ಗೊತ್ತು? ಅಂಗಿ ಹಾಕಿಕೊಂಡು, ಡಿಪೋದಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಬಿದ್ದೆ.

ಅವತ್ತಿನಿಂದ ನಮ್ಮ ಮನೆಯ ಊಟದ ಸಾಲು ಒಡೆಯಿತು. ಲಿಂಗ ಇಲ್ಲದವಳು ಒಲೆಯ ಮುಂದೆ ಕೂಡಬಾರದೆಂದು ಅವ್ವ ತೀರ್ಪು ಕೊಟ್ಟಳು. ಹುಡುಗಿ ಹೆದರುತ್ತಾಳೆ, ಎರಡು ದಿನದಲ್ಲಿ ದಾರಿಗೆ ಬರುತ್ತಾಳೆ ಎಂದುಕೊಂಡಿದ್ದಳು. ಐಶ್ವರ್ಯಾ ತಟ್ಟೆ ಎತ್ತಿಕೊಂಡು ಖುಷಿಯಿಂದ ಕಟ್ಟೆಗೆ ಹೋದಳು. ಸಂಜೆ ಭಾಗ್ಯಾ ಬಂದಾಗ ಇಬ್ಬರೂ ಅಲ್ಲೇ ಕುಳಿತು ನಗುತ್ತ ಉಂಡರು. ಒಳಗೆ ಅವ್ವ ಒಬ್ಬಳೇ ಒಲೆಯ ಮುಂದೆ ಕುಳಿತು ರೊಟ್ಟಿ ಮುರಿಯುತ್ತಿದ್ದಳು.

"ಅತ್ತಿ, ಹಟ ಬಿಡ್ರಿ. ಕೂಸು ಹೊರಗ ಉಣ್ಣೋದು ನೋಡಾಕ ಆಗವಲ್ದು" ಎಂದು ಶಿವಕಾಂತಾ ಅಂದರೆ,

"ನಾ ಬಿಟ್ರ ನಾಳಿ ಊರೆಲ್ಲಾ ಒಳಗ ಬರ್ತದ" ಎನ್ನುತ್ತಿದ್ದಳು ಅವ್ವ.

"ಬಂದ್ರ ರೊಟ್ಟಿ ಬಡಿಯಾಕಿ ನಾನು. ನಿಮಗೇನು ತ್ರಾಸು?" ಎಂದು ಶಿವಕಾಂತಾ ಒಂದು ದಿನ ಸಿಡುಕಿಯೂ ಬಿಟ್ಟಳು. ಆಮೇಲೆ ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅವ್ವ ನನ್ನ ಮೂಲಕ ಕೇಳಿಸುತ್ತಿದ್ದಳು.

ನನ್ನ ಬಸ್ಸು ರಾತ್ರಿ ನಿಂಬರ್ಗಾದಲ್ಲೇ ವಸ್ತಿ. ಮುಂಜಾನೆ ಆರಕ್ಕೆ ಹೊರಟು ಆಳಂದ, ಅಲ್ಲಿಂದ ಅಫಜಲಪುರದ ಮೇಲೆ ಜೇವರ್ಗಿ. ಸಂಜೆ ಆರಕ್ಕೆ ಮತ್ತೆ ಊರು. ಇಪ್ಪತ್ತು ವರ್ಷ ಟಿಕೆಟ್ ಹರಿದು ನನಗೆ ಹತ್ತಿದ ಚಟವೆಂದರೆ ಪ್ರಶ್ನೆ ಕೇಳುವುದು. ತೊಗರಿಗೆ ಯಾವ ಗೊಬ್ಬರ ಹಾಕಿದಿರಿ, ಮಗಳು ಯಾಕೆ ಗಂಡನ ಮನೆಯಿಂದ ಬಂದಳು, ಮೂಲವ್ಯಾಧಿಗೆ ಏನು ಔಷಧ, ಎಲ್ಲವೂ ನನಗೆ ಬೇಕು. ಈಗ ಒಂದೇ ಪ್ರಶ್ನೆ ತಲೆ ತಿನ್ನತೊಡಗಿತು. ಮಕ್ಕಳೊಳಗೆ ದೇವರು ಯಾವ ಬಾಗಿಲಿಂದ ಹೋಗುತ್ತಾನೆ? ನಾವು ಕಲಿಸಿದ್ದು ಕಲಿಯುವುದಿಲ್ಲ, ಬಾಯಿ ತಪ್ಪಿ ಆಡಿದ್ದನ್ನು ಗಟ್ಟಿಯಾಗಿ ಹಿಡಿದುಬಿಡುತ್ತವೆ.

ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಮ್ಮ ಡ್ರೈವರ್ ಚಾಂದಪಾಶಾನನ್ನು ಕೇಳಿದೆ. "ಪಾಶಾಭಾಯಿ, ನಿನ್ನ ಮಗ ನಮಾಜ ಮಾಡ್ತಾನೇನು?"

"ನಾ ಹೇಳಿದ್ರ ಮಾಡಂಗಿಲ್ಲ. ಈ ರಮಜಾನದಾಗ ಏನು ಮಾಡಿದ ಕೇಳು. ನನ್ನ ಬಾಯಿ ಮೂಸಿ ನೋಡಿ, 'ಅಬ್ಬಾಜಾನ್, ಜೇವರ್ಗ್ಯಾಗ ಚಹಾ ಕುಡದಿ' ಅಂದ. ಡ್ರೈವರ್ ಮಂದಿಗಿ ಮಾಫಿ ಅದ ಬೇಟಾ ಅಂದೆ. 'ಹಂಗಾದ್ರ ನಾನೂ ಡ್ರೈವರ್ ಆಗ್ತೇನಿ' ಅಂದ, ನೋಡು!"

ಇಬ್ಬರೂ ನಕ್ಕೆವು. ಅವನು ಗಾಜಿನ ಲೋಟ ಕೆಳಗಿಟ್ಟು, "ಖರೆ ಹೇಳ್ತೇನಿ ವಿಶ್ವಣ್ಣ, ಮರುದಿನದಿಂದ ನಾ ಒಂದು ರೋಜಾ ತಪ್ಪಿಸಲಿಲ್ಲ. ಅಲ್ಲಾನ ಅಂಜಿಕಿಗಿಂತ ಆ ಹುಡುಗನ ಮೂಗಿನ ಅಂಜಿಕಿ ಜಾಸ್ತಿ ಆಗಿತ್ತು" ಅಂದ.

ಜುಲೈ ನಡುವೆ ಒಂದು ಮುಂಜಾನೆ ಮಾಳಿಂಗ ಬಸ್ಸಿನಲ್ಲಿ ನನ್ನ ಸೀಟಿನ ಹತ್ತಿರ ಬಂದು ನಿಂತ. ಅವನು ದಿನಾ ನನ್ನ ಗಾಡಿಯಲ್ಲೇ ಆಳಂದಕ್ಕೆ, ಬೇಳೆ ಮಿಲ್ಲಿನ ಹಮಾಲಿಗೆ ಹೋಗುವವನು. ಗಟ್ಟಿ ಆಳು, ಮಾತು ಮಾತ್ರ ಮೆತ್ತಗೆ.

"ಕಂಡಕ್ಟರ್ ಸಾಹೇಬ್ರ, ಒಂದು ಮಾತದ್ರಿ. ಹುಡಗಿ ಬಾಡು ಬಿಟ್ಟಾಳ್ರಿ. ಹ್ವಾದ ಆದಿತವಾರ ನಮ್ಮ ಮನ್ಯಾಗ ಕುರಿ ಬಾಡು ಮಾಡಿದ್ವಿ. 'ಲಿಂಗ ಅದ, ನಾ ಒಲ್ಲೆ' ಅಂದ್ಲು. ಬರೇ ರೊಟ್ಟಿ, ಶೇಂಗಾ ಹಿಂಡಿ ತಿಂದು ಎದ್ಲು. ನನ್ನ ಹೇಂತಿ ಅಳಾಕತ್ತಾಳ್ರಿ, ಕೂಸು ಒಣಗ್ತದ ಅಂತ."

"ನೀ ಏನಂದಿ?"

"ನಾ ಏನನ್ಲಿ ಸಾಹೇಬ್ರ? ಬೈಯಾಕೂ ಅಂಜಿಕಿ ಬರ್ತದ. ಮುಂಜಾನಿ ಎದ್ದು ತಣ್ಣೀರಾಗ ಜಳಕ ಮಾಡಿ, ಕೈಯಾಗ ಲಿಂಗ ಹಿಡಕೊಂಡು ಸುಮ್ಕ ಕೂಡ್ತಾಳ. ಮನಿ ತುಂಬ ಗದ್ದಲ ಇದ್ರೂ ಅಲ್ಲಾಡಂಗಿಲ್ಲ."

ನನಗೆ ನೋಡದೆ ಇರಲಾಗಲಿಲ್ಲ. ಮುಂದಿನ ಸೋಮವಾರ ಮುಂಜಾನೆ ಏನೋ ಕೆಲಸವಿದ್ದವನಂತೆ ಅವರ ಓಣಿಗೆ ಹೋದೆ. ಆಡಿನ ಗೂಡಿನ ಪಕ್ಕ ಗೋಣಿಚೀಲದ ಮೇಲೆ ಭಾಗ್ಯಾ ಕುಳಿತಿದ್ದಳು. ಒದ್ದೆ ಕೂದಲು, ಹಣೆಗೆ ವಿಭೂತಿ, ಎಡಗೈಯಲ್ಲಿ ನನ್ನ ಮಗಳ ಲಿಂಗ. ಒಂದು ಆಡಿನ ಮರಿ ಅವಳ ಲಂಗದ ಅಂಚು ಜಗಿಯುತ್ತಿತ್ತು. ಅವಳಿಗೆ ಅದರ ಖಬರೇ ಇಲ್ಲ. ನಾನು ಜನ್ಮದಲ್ಲಿ ಸಾವಿರ ಪೂಜೆ ನೋಡಿದ್ದೇನೆ, ಎಲ್ಲವೂ ಊಟಕ್ಕೆ ಮುಂಚಿನ ಅವಸರದವು. ಈ ಹುಡುಗಿಗೆ ಅವಸರವಿರಲಿಲ್ಲ.

ಪೂಜೆ ಮುಗಿದ ಮೇಲೆ ಕೇಳಿದೆ. "ಅದರಾಗ ಏನು ನೋಡ್ತಿ, ಭಾಗ್ಯಾ?"

"ಗೊತ್ತಿಲ್ರಿ ಕಾಕಾ" ಎಂದು ನಾಚಿಕೊಂಡಳು. "ನಮ್ಮಪ್ಪ ಅವ್ವ ಜಗಳಾಡಿದ್ರ ಮೊದಲ ಹೊಟ್ಟ್ಯಾಗ ನೋಯ್ತಿತ್ತು. ಈಗ ನೋಯಂಗಿಲ್ಲ."

ಇದನ್ನು ನಾನು ಮನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅದೇ ದಿನ ಹಿರೋಳ್ಳಿಯಿಂದ ಅವ್ವನ ತಂಗಿಯ ಫೋನ್ ಬಂದಿತ್ತು. ಶ್ರಾವಣಕ್ಕೆ ಅವರ ಮನೆಮಂದಿಯೆಲ್ಲ ನಾಲ್ಕು ದಿನ ನಮ್ಮಲ್ಲಿಗೆ ಬರುವವರಿದ್ದರು.

"ಅವರ ಮುಂದ ಮೊಮ್ಮಗಳು ಬರೇ ಕೊರಳಾಗ ಅಡ್ಡಾಡ್ಲೇನು?" ಅವ್ವ ಮೊದಲ ಸಲ ನನ್ನೆದುರು ಅತ್ತಳು. "ಎಪ್ಪತ್ತು ವರ್ಷ ಮಾನ ಕಾದೇನಿ. ನೀ ಏನರ ಮಾಡು, ಈ ವಾರದಾಗ ಮುಗಸು."

ಐಶ್ವರ್ಯಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ನೀ ಇಸಕೊಂಡು ಬರಂಗಿಲ್ಲ ಹೌದಿಲ್ಲೋ?"

"ಇಲ್ಲವ್ವ" ಅಂದೆ.

ಮರುದಿನ ಬಸ್ಸಿನಲ್ಲಿ ಮಾಳಿಂಗನಿಗೆ ಹೇಳಿಬಿಟ್ಟೆ. "ಹುಡುಗರ ಆಟ ಮಾಳಿಂಗ. ನಿನಗೂ ತ್ರಾಸು, ನಮಗೂ ತ್ರಾಸು. ಅದನ್ನ ವಾಪಸ್ ಕೊಟ್ಟುಬಿಡು."

ಅವನು ನನ್ನ ಮುಖ ನೋಡಿ, "ಆಯ್ತ್ರಿ" ಅಂದ, ಅಷ್ಟೇ.

ಬುಧವಾರ ಮುಂಜಾನೆ ಅವನು ಬಸ್ ಹತ್ತುತ್ತಲೇ ಒಗೆದ ಕರವಸ್ತ್ರದ ಗಂಟೊಂದನ್ನು ಎರಡೂ ಕೈಯಿಂದ ನನ್ನ ಮುಂದೆ ಹಿಡಿದ. "ನಾ ಮುಟ್ಟಿಲ್ರಿ. ನಿನ್ನೆ ಸಂಜಿಕೆ ನನ್ನ ಹೇಂತಿ ಜಳಕ ಮಾಡಿ ಬಿಚ್ಚಿದ್ಲು."

"ಹುಡಗಿ ಏನಂದ್ಲು?"

"ಏನೂ ಅನ್ಲಿಲ್ರಿ." ಟಿಕೆಟ್ ತೆಗೆದುಕೊಂಡು ಹಿಂದಿನ ಸೀಟಿಗೆ ಹೋದ. ಆಳಂದ ಬರುವತನಕ ಕಿಟಕಿಯ ಹೊರಗೆ ನೋಡುತ್ತಿದ್ದ. ಗಂಟನ್ನು ನಾನು ಅಂಗಿ ಜೇಬಿನಲ್ಲಿಟ್ಟುಕೊಂಡೆ. ಒಳ್ಳೆಯದಾಯಿತು, ಗದ್ದಲವಿಲ್ಲದೆ ಮುಗಿಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಒಪ್ಪಲಿಲ್ಲ. ಅವತ್ತು ಅಫಜಲಪುರದಲ್ಲಿ ಇಬ್ಬರಿಗೆ ತಪ್ಪು ಚಿಲ್ಲರೆ ಕೊಟ್ಟೆ.

ಸಂಜೆ ಮನೆಗೆ ಬಂದು, ನಿನ್ನೆ ಸಂಜೆಯೇ ಬಿಚ್ಚಿದರಂತೆ ಎಂದು ಹೇಳಿ ಗಂಟನ್ನು ಅವ್ವನ ಕೈಗಿಟ್ಟೆ. ಅವ್ವ ಕಣ್ಣಿಗೊತ್ತಿಕೊಂಡಳು. "ಶಿವಾ, ನನ್ನ ಮಾನ ಉಳಿಸಿದಿ. ಬಾರವ್ವ ಐಶು, ಅಯ್ಯನವರಿಗಿ ನಾಳಿ ಬರಾಕ ಹೇಳ್ತೇನಿ."

ಐಶ್ವರ್ಯಾ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಅಂದಳು. "ಹಂಗಾದ್ರ ಅದಕ್ಕೇ ಭಾಗ್ಯಾ ಇವತ್ತ ಶಾಲಾದಾಗ ಉಂಡಿಲ್ಲ."

"ಬಿಸಿಯೂಟ ಉಂಡಿಲ್ಲೇನು?" ಎಂದಳು ಶಿವಕಾಂತಾ.

"ನೀರೂ ಕುಡಿಲಿಲ್ಲ. ಯಾಕ ಅಂತ ಕೇಳಿದ್ರ ಹೇಳಲಿಲ್ಲ. ಆಟದ ತಾಸಿನ್ಯಾಗ ಕಣ್ಣಿಗಿ ಕತ್ತಲಿ ಬಂದು ಕೂತ್ಲು."

ಅವ್ವನ ಕೈ ಗಂಟಿನ ಮೇಲೆಯೇ ನಿಂತಿತು. "ನಿನ್ನೆ ಸಂಜಿಂದ?"

"ಆಯಿ, ನೀ ನನಗ ಹೇಳಿದ್ದಿ. ನಾ ಆಕಿಗಿ ಹೇಳಿದ್ದೆ. ಲಿಂಗ ಅಗಲಿದ್ರ ಹನಿ ನೀರೂ ಕುಡಿಬಾರದು ಅಂತ."

ಅವ್ವ ಗೋಡೆ ಹಿಡಿದು ಎದ್ದಳು. ಮೊಣಕಾಲು ನೋವೆಂದು ಗುಡಿಗೂ ಹೋಗದವಳು ಚಪ್ಪಲಿ ಹುಡುಕತೊಡಗಿದಳು.

"ಎಲ್ಲಿಗಿ ಅವ್ವಾ?"

"ಎಲ್ಲಿಗಂತ ಕೇಳ್ತಾನ ನೋಡು, ಮೂರ್ಖ! ವಿಭೂತಿ ತಗೋ. ನಡಿ."

ಎಪ್ಪತ್ತು ವರ್ಷದಲ್ಲಿ ಅವ್ವ ಆ ಓಣಿಗೆ ಕಾಲಿಟ್ಟಿರಲಿಲ್ಲ. ಐಶ್ವರ್ಯಾ ಮುಂದೆ, ಅವಳ ಹೆಗಲು ಹಿಡಿದು ಅವ್ವ, ಹಿಂದೆ ನಾನು. ಮಾಳಿಂಗನ ಮನೆಯಲ್ಲಿ ಭಾಗ್ಯಾ ಚಾಪೆಯ ಮೇಲೆ ಮಲಗಿದ್ದಳು, ತುಟಿ ಒಣಗಿ ಬೆಳ್ಳಗಾಗಿತ್ತು. ಅವಳ ತಾಯಿ ನಿಂಬೆವ್ವ ನೀರಿನ ತಂಬಿಗೆ ಹಿಡಿದು ಬೇಡಿಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು, "ತಪ್ಪಾತ್ರಿ ಯವ್ವಾ, ಎಲ್ಲಾ ಕೊಟ್ಟು ಕಳಿಸೇನ್ರಿ, ಒಂದು ಎಳಿ ದಾರಾನೂ ಇಟ್ಟುಕೊಂಡಿಲ್ರಿ" ಅಂದಳು.

"ನೀ ಸುಮ್ಮಿರವ್ವ" ಎಂದ ಅವ್ವ ಕೈಕಾಲು ತೊಳೆದು ಚಾಪೆಯ ಪಕ್ಕ ನೆಲಕ್ಕೆ ಕುಳಿತಳು. "ಏ ಕೂಸ, ಖರೇನೇ ನೀರೂ ಕುಡದಿಲ್ಲೇನು?"

ಭಾಗ್ಯಾ ತಲೆ ಅಲ್ಲಾಡಿಸಿದಳು.

"ಯಾರೂ ಇಲ್ಲದಾಗ ಕದ್ದು ಒಂದು ಗುಟುಕು?"

"ಕದ್ದರ ಅದಕ್ಕ ಗೊತ್ತಾಗ್ತದಲ್ರಿ ಆಯಿ" ಅಂದಳು ಹುಡುಗಿ.

ಅವ್ವನ ಕಣ್ಣು ತುಂಬಿದವು. ಗಂಟು ಬಿಚ್ಚತೊಡಗಿದಳು. "ಅವ್ವಾ, ಅಯ್ಯನವರ್ನ ಕರ್ಕೊಂಡು ಬರ್ಲೇನು?" ಎಂದೆ ನಾನು.

"ಅಯ್ಯ ಬರೋತನ ಕೂಸು ಸಾಯ್ಲೇನು?" ಹುಡುಗಿಯ ಹಣೆಗೆ ವಿಭೂತಿ ಹಚ್ಚಿ, ಶಿವದಾರವನ್ನು ಕೊರಳಿಗೆ ತಾನೇ ಕಟ್ಟಿದಳು. ಅಂಗೈಯಲ್ಲಿ ಲಿಂಗ ಇಡಿಸಿ ಕೈ ಮುಗಿಸಿ, ತಂಬಿಗೆಯನ್ನು ಅವಳ ಬಾಯಿಗೆ ಹಿಡಿದಳು. ಹುಡುಗಿ ಗಟಗಟ ಕುಡಿಯುವಾಗ, "ಸಾವಕಾಶ, ಸಾವಕಾಶ ನನ್ನವ್ವ" ಎನ್ನುತ್ತ ಬೆನ್ನು ಸವರಿದಳು.

"ಇಲ್ಲೇ ರೊಟ್ಟಿ ಮಾಡ್ತೇನ್ರಿ" ಅಂದಳು ನಿಂಬೆವ್ವ.

"ನಾಳಿಗಿ ಮಾಡು. ಇವತ್ತ ನನ್ನ ಕೈಲೆ ಉಣ್ಣಲಿ. ತಪ್ಪು ನಂದು."

ಮನೆಗೆ ಬಂದಾಗ ಒಲೆ ಉರಿಯುತ್ತಿತ್ತು. ಶಿವಕಾಂತಾ ಪುಂಡಿಪಲ್ಯೆ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಭಾಗ್ಯಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ, ತನ್ನ ಬಲಕ್ಕೆ ಕೂಡಿಸಿದಳು. ಐಶ್ವರ್ಯಾ ಹೊಸ್ತಿಲಲ್ಲಿ ನಿಂತಳು.

"ಆಯಿ, ನನ್ನ ಕೊರಳಾಗ ಇಲ್ಲ. ನಾ ಹೊರಗೇನು?"

"ನೀ ಕೊಟ್ಟಾಕಿ. ಒಳಗ ಬಾ."

ಅವಳ ಹಿಂದೆಯೇ ನಾನೂ ಕಾಲಿಟ್ಟೆ. ಅವ್ವ ತಲೆ ಎತ್ತಿದಳು.

"ನೀ ಎಲ್ಲಿ ಬರಾಕತ್ತಿ? ಅಂಗಿ ಗುಂಡಿ ತಗಿ."

ಒಂದು ಸಂಗತಿಯನ್ನು ನಾನು ಇಲ್ಲಿತನಕ ಬಚ್ಚಿಟ್ಟಿದ್ದೆ, ಇನ್ನು ಹೇಳದೆ ಗತಿಯಿಲ್ಲ. ಒಂಬತ್ತು ವರ್ಷದ ಹಿಂದೆ ತುಂಬಿದ ಗಾಡಿಯ ನೂಕುನುಗ್ಗಲಲ್ಲಿ ನನ್ನ ಶಿವದಾರ ಹರಿದಿತ್ತು. ಲಿಂಗ ಕಾಲಡಿ ಸಿಕ್ಕಿತು, ತೊಳೆದು ಟ್ರಂಕಿನಲ್ಲಿಟ್ಟೆ. ನಾಳೆ ದಾರ ತರೋಣ, ನಾಳೆ ಕಟ್ಟಿಸೋಣ ಎಂದುಕೊಂಡೇ ಒಂಬತ್ತು ವರ್ಷ ಕಳೆದವು. ಒಂದು ಹೊತ್ತಿನ ಊಟವನ್ನೂ ನಾನು ಬಿಟ್ಟಿರಲಿಲ್ಲ. ವರ್ಷ ವರ್ಷ ಭಾಷಣ ಮಾತ್ರ ಮಾಡಿದ್ದೆ.

"ನಿನಗ ಯಾವಾಗ ಗೊತ್ತಾಯ್ತು ಅವ್ವಾ?"

"ಹೆತ್ತಾಕಿಗಿ ಗೊತ್ತಾಗಂಗಿಲ್ಲೇನು? ಅವಾಗಿಂದ ಗೊತ್ತದ. ಗಂಡಮಗ, ದುಡದು ದಣದು ಬರ್ತಾನ ಅಂತ ಕಣ್ಣು ಮುಚ್ಚಿಕೊಂಡೆ. ನಿನಗ ಇಲ್ಲೇ ಕೂಡಿಸಿ ತುಪ್ಪ ಬಡಿಸಿದೆ. ಮಂದಿ ಕೂಸಿಗಿ ಹೊರಗಿನ ಕಟ್ಟಿ ತೋರಿಸಿದೆ." ಅವ್ವನ ದನಿ ಒಡೆಯಿತು. "ಹೊರಗ ಕೂಡು, ಹೋಗು."

ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಅಪ್ಪ ಎಂದರೆ ಯಾರು ಎಂದು ಹೊಸದಾಗಿ ಗುರುತು ಹಿಡಿಯುವವಳ ಹಾಗೆ ನೋಡುತ್ತಿದ್ದಳು. ನಾನು ತಟ್ಟೆ ತೆಗೆದುಕೊಂಡು ಕಟ್ಟೆಗೆ ಬಂದೆ. ಭಾಗ್ಯಾ ಕೂಡುತ್ತಿದ್ದ ಜಾಗದಲ್ಲೇ ಕುಳಿತೆ.

ಸ್ವಲ್ಪ ಹೊತ್ತಿಗೆ ಐಶ್ವರ್ಯಾ ಬಿಸಿ ರೊಟ್ಟಿ ತಂದು ನನ್ನ ತಟ್ಟೆಗೆ ಹಾಕಿದಳು. ಹೋಗದೆ ಅಲ್ಲೇ ನಿಂತಳು.

"ಅಪ್ಪಾ, ಇಲ್ಲಿಂದ ಒಳಗಿಂದು ಕಾಣಸ್ತದೇನು?"

ಬಾಗಿಲು ತೆರೆದಿತ್ತು. ಒಲೆಯ ಬೆಳಕಿನಲ್ಲಿ ಅವ್ವ ಭಾಗ್ಯಾಳ ಪಲ್ಯೆಗೆ ಎಣ್ಣೆ ಬಿಡುತ್ತಿದ್ದಳು. ಶಿವಕಾಂತಾ ನಗುತ್ತಿದ್ದಳು. ಮಗಳು ಎದ್ದು ಬಂದಿದ್ದ ಖಾಲಿ ಜಾಗವೂ ಕಾಣುತ್ತಿತ್ತು.

"ಎಲ್ಲಾ ಕಾಣಸ್ತದವ್ವ" ಅಂದೆ. "ಯಾರ ತಟ್ಟ್ಯಾಗ ಏನದ ಅನ್ನೋದೂ ಕಾಣಸ್ತದ."

"ಭಾಗ್ಯಾಗೂ ಹಿಂಗೇ ಕಾಣಸ್ತಿತ್ತು" ಎಂದು ಹೇಳಿ ಅವಳು ಒಳಗೆ ಹೋದಳು. ನಾನು ಉಳಿದ ರೊಟ್ಟಿಯನ್ನು ಅಲ್ಲೇ ಕುಳಿತು ಉಂಡೆ.